ಖಾಲಿ ಕುರ್ಚಿಗೆ ನೀರು

ಪುಣೆಯ ಕನ್ನಡ ಶಾಲೆಯಲ್ಲಿ ಮೊದಲ ದಿನದ ಪಾಠ ಮುಗಿಸಿ ಬಂದ ಸಂಜೆಯೇ ನಾನು ಕುಶಲ ಶೆಟ್ಟರನ್ನು ಕಂಡದ್ದು. ಸದಾಶಿವ ಪೇಠದ ಅವರ ಪುಟ್ಟ ಹೋಟೆಲಿನಲ್ಲಿ ಕುಳಿತ ಕೂಡಲೆ ಎದುರಿಗೆ ನೀರಿನ ಲೋಟ ಬಂತು.

"ಮೊದಲು ನೀರು ಕುಡೀರಿ ಮಾಸ್ಟ್ರೇ, ತಿಂಡಿ ಆಮೇಲೆ."

"ನಾನು ಮಾಸ್ತರ ಅಂತ ಹೆಂಗ ಗೊತ್ತಾತ್ರಿ?"

"ಅಂಗಿ ತುಂಬ ಸೀಮೆಸುಣ್ಣ ಉಂಟಲ್ಲ!"

ಮಂಗಳೂರಿನ ಕಡೆಯವರು. ಕುಳಿತವರ ಮುಂದೆ ನೀರಿಡದೆ ಮಾತನಾಡಬಾರದೆಂಬುದು ಅವರ ನಿಯಮ. ಕಾವಲಿಯ ಮೇಲೆ ದೋಸೆಯನ್ನು ಅವರೇ ಹುಯ್ಯಬೇಕು. ಬೇರೆಯವರ ಕೈಗೆ ಸೌಟು ಕೊಟ್ಟವರಲ್ಲ.

ಕೆಲವು ವರ್ಷಗಳ ಹಿಂದೆ ಆ ಕೈ ನಡುಗತೊಡಗಿತು. ದೋಸೆಯ ಅಂಚು ಓರೆಕೋರೆಯಾಯಿತು. ವೈದ್ಯರು ಪಾರ್ಕಿನ್ಸನ್ ಎಂದರು. ಮಿದುಳಿನ ಆಳದಲ್ಲಿ ಡೋಪಮಿನ್ ಎಂಬ ರಸಾಯನವನ್ನು ತಯಾರಿಸುವ ಜೀವಕೋಶಗಳು ಸಾಯುತ್ತಿದ್ದವು. ಅದಿಲ್ಲದೆ ಮಿದುಳಿನ ಅಪ್ಪಣೆ ಕೈಕಾಲಿಗೆ ಸರಿಯಾಗಿ ಮುಟ್ಟದು. ಎರಡು ಗುಳಿಗೆ ಕೊಟ್ಟರು. ಒಂದು ಮಿದುಳನ್ನು ಸೇರಿ ಡೋಪಮಿನ್ ಆಗುತ್ತದೆ, ಇನ್ನೊಂದು ಡೋಪಮಿನ್ನಿನಂತೆ ನಟಿಸುತ್ತದೆ. ದೋಸೆ ಮತ್ತೆ ದುಂಡಗಾಯಿತು.

ಕಳೆದ ಮಳೆಗಾಲದ ಒಂದು ಮಧ್ಯಾಹ್ನ ಶೆಟ್ಟರು ನನ್ನ ಪಕ್ಕದ ಖಾಲಿ ಕುರ್ಚಿಯ ಮುಂದೆಯೂ ಲೋಟವಿಟ್ಟರು.

"ಇದು ಯಾರಿಗ್ರಿ?"

"ಸ್ವಲ್ಪ ಆಚೆ ಸರೀರಿ ಮಾಸ್ಟ್ರೇ. ಅಜ್ಜನಿಗೆ ಇಕ್ಕಟ್ಟಾಗ್ತದೆ."

ಅವರ ಹೆಂಡತಿ ಸ್ವರ್ಣಲತಾ ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟರು.

ಎರಡನೆಯ ಗುಳಿಗೆ ಇಲ್ಲದ್ದನ್ನು ಕಾಣಿಸುವುದುಂಟು, ಹಾಗೆಯೇ ಬಿಟ್ಟರೆ ಬುದ್ಧಿಯೇ ಕದಡಬಹುದು ಎಂದು ವೈದ್ಯರು ಅದನ್ನು ಮೆಲ್ಲಮೆಲ್ಲನೆ ನಿಲ್ಲಿಸಿದರು. ಅಜ್ಜ ಮಾಯವಾದ. ಆದರೆ ಸೌಟು ಹಿಡಿದ ಕೈ ಕಾವಲಿಯ ಮೇಲೆಯೇ ನಿಂತುಬಿಡುತ್ತಿತ್ತು. ಹಿಟ್ಟು ಕರಕಲಾಗಿ ಹೊಗೆಯೆದ್ದರೂ ಕದಲದು.

"ದೋಸೆ ಹುಯ್ಲಿಕ್ಕೆ ಬೇರೆ ಭಟ್ರನ್ನು ಇಡುವ. ನಿಮ್ಮ ತಲೆ ನೆಟ್ಟಗಿದ್ರೆ ಸಾಕು" ಎಂದರು ಸ್ವರ್ಣಲತಾ.

"ಬರೀ ತಲೆ ಇಟ್ಟುಕೊಂಡು ಏನು ಮಾಡುದು ಮಾರಾಯ್ತಿ? ಗಲ್ಲಾದ ಮೇಲೆ ಗಣಪತಿ ಪಟ ಉಂಟಲ್ಲ, ಪಕ್ಕದಲ್ಲಿ ನನ್ನದನ್ನೂ ತೂಗುಹಾಕು!"

ಈ ಚೌತಿಯಿಂದ ದೋಸೆ ಮತ್ತೆ ದುಂಡಗೆ ಬರುತ್ತಿದೆ. ಗಿರಾಕಿಗಳಿಗೆ ಸಂತೋಷ. ನಾನು ಮಾತ್ರ ಆ ದೋಸೆಯನ್ನು ನೋಡಿ ಹೆದರಿದೆ. ವೈದ್ಯರು ಹೊಸ ಗುಳಿಗೆ ಯಾವುದನ್ನೂ ಕೊಟ್ಟಿಲ್ಲ. ಮೂಲೆಯ ಔಷಧದಂಗಡಿಯವನು ದಿನವೂ ಇಲ್ಲಿಯೇ ತಿಂಡಿ ತಿನ್ನುವವನು. ನಿಲ್ಲಿಸಿದ ಆ ಗುಳಿಗೆಯನ್ನು ಶೆಟ್ಟರು ಕೇಳಿದರೆ ಇಲ್ಲವೆನ್ನುವುದಿಲ್ಲ.

"ಅಜ್ಜಾರು ಬಂದಿದ್ರೇನ್ರಿ?" ಎಂದು ಮೆಲ್ಲಗೆ ಕೇಳಿದೆ.

"ಯಾವ ಅಜ್ಜ? ಯಾರೂ ಇಲ್ಲ" ಎಂದರು ಶೆಟ್ಟರು, ಸೌಟು ತಿರುಗಿಸುತ್ತ.

ಈಗ ಅವರು ಖಾಲಿ ಕುರ್ಚಿಗಳಿಗೆ ನೀರಿಡುವುದಿಲ್ಲ. ದೋಸೆ ಹುಯ್ಯುತ್ತಾರೆ, ತಟ್ಟೆ ಹಿಡಿದು ನನ್ನ ಮೇಜಿನತ್ತ ಬರುತ್ತಾರೆ. ನಡುವೆ, ಯಾರೂ ಇಲ್ಲದ ಕಡೆ, ಒಮ್ಮೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತಾರೆ. ಮುಂದಿನ ಹೆಜ್ಜೆಗೆ ಮತ್ತೊಮ್ಮೆ. ಆಮೇಲೆ ಇನ್ನೊಮ್ಮೆ.