ಕೋಲು ಹಿಡಿದವಳಿಗೆ ಮೂರಕ್ಕೆ ಮೂರು

ಕಳೆದ ಭಾನುವಾರ ಚಳ್ಳಕೆರೆಯ ನಮ್ಮ ಮನೆ ಹಿತ್ತಲಿಗೆ ಕಡಪ ಕಲ್ಲು ಹಾಕಿಸುತ್ತಿದ್ದೆ. ನೀರು ಚರಂಡಿ ಕಡೆ ಹರಿಯಬೇಕು, ಅಡುಗೆಮನೆ ಕಡೆಗಲ್ಲ. ತಮ್ಮನ ಮಗಳು ಸುಮಾ ಬಂದಿದ್ದಳು. ಸಿವಿಲ್ ಇಂಜಿನಿಯರಿಂಗ್, ಎರಡನೇ ವರ್ಷ. 'ಲೆವೆಲ್ ನೋಡಿ ಹೇಳಮ್ಮ' ಎಂದೆ.

ಅವಳ ಮುಖ ಸಣ್ಣದಾಯಿತು.

"ದೊಡ್ಡಪ್ಪ, ನಾನು ಲೆವೆಲ್ ಮೆಷಿನ್ ಮುಟ್ಟೇ ಇಲ್ಲ. ಹತ್ತು ಜನಕ್ಕೆ ಒಂದು ಮೆಷಿನ್ ಐತೆ. ಹುಡುಗ್ರು ನೋಡ್ತಿದ್ರು. ನಾನು ದೂರದಲ್ಲಿ ಕೋಲು ಹಿಡ್ಕೊಂಡು ನಿಲ್ತಿದ್ದೆ."

(ಮೂರು ಕಾಲಿನ ಮೇಲೆ ದುರ್ಬೀನಿನಂಥ ಮೆಷಿನ್, ಅದರೆದುರು ಅಳತೆ ಬರೆದ ಆ ಉದ್ದನೆಯ ಕೋಲು. ಹೈವೇ ಬದಿಯಲ್ಲಿ ನೀವೂ ನೋಡಿರುತ್ತೀರಿ.)

ಈಗ ಇಂಜಿನಿಯರಿಂಗ್‌ನಲ್ಲಿ ಪ್ರತಿ ವಿಷಯಕ್ಕೂ 'ಕೋರ್ಸ್ ಔಟ್‌ಕಮ್' ಅಂತ ಇದೆಯಂತೆ. ಪಾಠ ಮುಗಿದಾಗ ವಿದ್ಯಾರ್ಥಿಗೆ ಏನೇನು ಬರಬೇಕು ಎಂಬ ಪಟ್ಟಿ. ಎಷ್ಟು ಬಂತು ಎಂದು ಅಳೆದು ಪಟ್ಟಿಯ ಪ್ರತಿ ಸಾಲಿಗೂ ಮೂರಕ್ಕೆ ಇಷ್ಟು ಎಂದು ಅಂಕ. ಯೋಚನೆ ಒಳ್ಳೆಯದೇ. ಆದರೆ ಅಳೆಯುವವರು ಯಾರು? ಪಾಠ ಮಾಡಿದವರೇ! ನನಗೆ ಅನುಮಾನ ಶುರುವಾಗಿದ್ದು ಅಲ್ಲೇ.

ವಿದ್ಯಾರ್ಥಿಗಳೂ ಒಂದು ಫಾರಂ ತುಂಬಬೇಕು. 'ಉಪಕರಣ ಬಳಸಿ ಲೆವೆಲ್ ತೆಗೆಯಬಲ್ಲೆ' ಎಂಬ ಸಾಲಿಗೆ ಸುಮಾ 'ಇಲ್ಲ' ಎಂದು ಟಿಕ್ ಹಾಕಿದ್ದಾಳೆ. ಮೇಷ್ಟ್ರು ಕರೆಸಿದ್ದಾರೆ.

"'ಅದೊಂದು ಟಿಕ್ ಬದಲಾಯಿಸಮ್ಮ, ಕಾಲೇಜು ತಪಾಸಣೆಗೆ ಕಮಿಟಿ ಬರ್ತೈತೆ' ಅಂದ್ರು. ಎಲ್ಲರೂ ಬದಲಾಯಿಸಿದಾರೆ. ನಾಳೆ ಲಾಸ್ಟ್. ಇಂಟರ್ನಲ್ ಮಾರ್ಕ್ಸ್ ಅವರ ಕೈಯಲ್ಲೇ ಐತೆ. ಏನ್ ಮಾಡ್ಲಿ?"

ನಾನು ಬಾಯಿ ತೆರೆಯುವಷ್ಟರಲ್ಲಿ ಮೊಳಕಾಲ್ಮೂರು ಕಡೆಯ ನಮ್ಮ ಮೇಸ್ತ್ರಿ ಓಬಣ್ಣ ಕರೆದ. "ಮೆಷಿನ್ ಯಾಕೆ ಬೇಕು ಅಮ್ಮಾಯಿ? ಬಾ ಇಲ್ಲಿ."

ನೀರು ತುಂಬಿದ ಪ್ಲಾಸ್ಟಿಕ್ ಪೈಪಿನ ಒಂದು ತುದಿ ಅವಳ ಕೈಗಿಟ್ಟ. ಇನ್ನೊಂದು ತುದಿ ತಾನು ಹಿಡಿದ. ಎರಡೂ ಕಡೆ ನೀರು ನಿಂತ ಮಟ್ಟ ನೋಡಿ ಗೋಡೆಗೆ ಗುರುತು ಹಾಕಬೇಕು. ಎರಡು ಸಲ ತಪ್ಪಿದಳು. "ಪೈಪಿನಾಗೆ ಗಾಳಿ ಐತೆ, ಕಣ್ಣು ಎಲ್ಲಿಟ್ಟೀಯಾ?" ಎಂದು ಬೈದ. ಮೂರನೇ ಸಲ ಅವಳು ಹಾಕಿದ ಗುರುತಿನಿಂದಲೇ ಅಳೆದು, ಚರಂಡಿ ಕಡೆ ಒಂದಿಂಚು ಇಳಿಸಿ ಒಂದು ಸಾಲು ಕಲ್ಲು ಜೋಡಿಸಿದ. ಶಭಾಷ್ ಅನ್ನಲಿಲ್ಲ. ಒಂದು ಕೊಡ ನೀರು ತಂದು ಸುರಿದ.

ನೀರು ನೆಟ್ಟಗೆ ಚರಂಡಿಗೆ ಹೋಯಿತು.

"ಈಗ ಬಂತು ನಿಂಗೆ" ಎಂದ. ಅವಳ ಮುಖ ನೋಡಬೇಕಿತ್ತು. ನನಗಂತೂ ಖುಷಿಯೋ ಖುಷಿ.

ಸೋಮವಾರ ಸಂಜೆ ಫೋನ್. "ಟಿಕ್ ಬದಲಾಯಿಸ್ತೀನಿ ಸರ್, ಮೊದಲು ಒಂದು ಗಂಟೆ ಮೆಷಿನ್ ಕೊಡಿ ಅಂದೆ ದೊಡ್ಡಪ್ಪ."

"ಏನಂದ್ರು?"

"ಒರೆಸಿ ಬೀರುವಿನಲ್ಲಿಟ್ಟು ಬೀಗ ಹಾಕಿದಾರಂತೆ. ಕಮಿಟಿ ಬಂದು ಹೋಗೋವರೆಗೂ ಯಾರೂ ಮುಟ್ಟಂಗಿಲ್ಲ. ನಾನು 'ಇಲ್ಲ' ಅಂತಲೇ ಕೊಟ್ಟು ಬಂದೆ."

ಗುರುವಾರ ನೋಟಿಸ್ ಬೋರ್ಡಿಗೆ ಫಲಿತಾಂಶ ಬಂತು. ಆ ಸಾಲಿಗೆ ಮೂರಕ್ಕೆ ಮೂರು. ಎಲ್ಲರೂ 'ಹೌದು' ಎಂದಿದ್ದಾರಂತೆ, ಒಬ್ಬರೂ ಬಿಡದೆ! ಹಾಗಾದರೆ ನಮ್ಮ ಹುಡುಗಿಯ 'ಇಲ್ಲ' ಎಲ್ಲಿ ಹೋಯಿತು? (ಇಂಟರ್ನಲ್ ಮಾರ್ಕ್ಸ್ ಇನ್ನೂ ಬಂದಿಲ್ಲ. ಆ ಭಯ ಬೇರೆ.)

ಕಮಿಟಿಯವರೇ, ಫೈಲು ನೋಡುವುದು ಇದ್ದೇ ಇದೆ; ಬರುವಾಗ ಒಂದು ಕೊಡ ನೀರು ತರುತ್ತೀರಾ?