ಉಕ್ಕೋ, ಹಿತ್ತಾಳೆಯೋ?

ಗೆಳೆಯರೇ, ಇಂದು ಇಳಕಲ್ ಪೇಟೆಯಲ್ಲಿ ನನ್ನ ತಲೆ ಪೂರಾ ಕೆಟ್ಟುಹೋಯಿತು. ಮುಂಬಯಿಯಿಂದ ರೈಲು, ಚಕ್ಕಡಿ ಗಾಡಿ ಹತ್ತಿಸಿ ತಂದ ಮ್ಯಾಂಡೋಲಿನ್ನಿನ ತಂತಿಯೊಂದು ಬೆಳಿಗ್ಗೆ ಹರಿಯಿತು. ನಾಳೆ ತಂಗಿಯನ್ನು ನೋಡಲು ಕಮತಗಿಯಿಂದ ಗಂಡಿನ ಕಡೆಯವರು ಬರುತ್ತಾರೆ. ಅವರ ಮುಂದೆ ನಾನು ನುಡಿಸುತ್ತೇನೆಂದು ಅಪ್ಪ ಜಂಬ ಕೊಚ್ಚಿಕೊಂಡಾಗಿದೆ.

ಮ್ಯಾಂಡೋಲಿನ್ ತಂತಿ ಇಲ್ಲೆಲ್ಲೂ ಸಿಗದು. ಸಿತಾರದ ತಂತಿ ಮಾರುವ ಹಸನ್‌ಸಾಬರು ಎರಡು ಸುರುಳಿ ಮುಂದಿಟ್ಟರು. "ಉಕ್ಕಿಂದು ಬೇಕೋ, ಹಿತ್ತಾಳಿದು ಬೇಕೋ, ಹೇಳ್ರಿ ಮಾಸ್ತರ."

ಮೀಟಿ ನೋಡಿದೆ. ಉಕ್ಕು ಕಿರುಚಿತು, ಹಿತ್ತಾಳೆ ಗೊಣಗಿತು. ಹರಿದದ್ದು ಯಾವುದೆಂದು ನೋಡೋಣವೆಂದರೆ, ಆ ತುಂಡಿನಿಂದ ಅವ್ವ ಆಗಲೇ ಕಸಬರಿಗೆ ಕಟ್ಟಿದ್ದಾಳೆ, ಬಿಚ್ಚಲು ಬಿಡಲಿಲ್ಲ.

ಜೊತೆಗೆ ಬಂದಿದ್ದ ಪಕ್ಕದ ಮನೆಯ ನೇಕಾರ ಸಂಗಪ್ಪ ಮಾಮಾಗೆ ತಾಳ್ಮೆ ತಪ್ಪಿತು. "ಅದಕ್ಯಾಕ ಇಷ್ಟು ಚಿಂತಿ? ಅರ್ಧ ಅದು, ಅರ್ಧ ಇದು ತಗೋ. ನಡುವ ನಾ ಕೊಂಡಿ ಹಾಕಿ ಕೂಡಸ್ತೇನಿ. ನಮ್ಮ ಸೀರಿ ಒಡಲು ನೂಲು, ಸೆರಗು ರೇಷ್ಮಿ ಅಲ್ಲೇನು? ಅವೆರಡನ್ನೂ ಕೊಂಡಿ ಹಾಕೇ ಕೂಡಸ್ತೇವಿ, ಯಾವಾಗರ ಬಿಚ್ಚೇದೇನು?"

ನಗಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಹಸನ್‌ಸಾಬರು ಗಂಭೀರವಾಗಿ ಕೇಳಿದರು, "ಖರೆ ಐತಿ. ಆದ್ರ ಸೆರಗು ಯಾವ ತುದಿಗೆ ಬರಬೇಕ್ರಿ?"

ನಾಚಿಕೆಯ ಮಾತೆಂದರೆ, ಸಂಜೆಯಾದರೂ ನಾನು ಅದನ್ನೇ ಯೋಚಿಸುತ್ತಿದ್ದೇನೆ.