ನಮಗೆ ಯಾರೂ ಹಾರ್ನ್ ಹೊಡೆಯುತ್ತಿರಲಿಲ್ಲ

ಹೆಂಡತಿ ತೀರಿಕೊಂಡ ಹದಿನಾರನೆಯ ದಿನ ಮಗಳನ್ನು ಮತ್ತೆ ಸ್ಕೂಲಿಗೆ ಬಿಡಲು ಹೋದೆ. ಅವಳು ಮೂರನೇ ಕ್ಲಾಸು. ಅಲ್ಲಿಯವರೆಗೆ ಅದು ನನ್ನ ಕೆಲಸವಾಗಿರಲಿಲ್ಲ. ಸ್ಕೂಟರ್ ಹೆಂಡತಿಯದು, ಅದರ ಕನ್ನಡಿ ಕೂಡ ಅವಳ ಎತ್ತರಕ್ಕೇ ತಿರುಗಿಸಿದ್ದು. ಮನೆಯಿಂದ ಮಾರೇನಹಳ್ಳಿಯ ಆ ಸ್ಕೂಲಿಗೆ ಹತ್ತು ನಿಮಿಷದ ದಾರಿ. ನನಗೆ ಏನೂ ಅನಿಸುತ್ತಿರಲಿಲ್ಲ. ಸಿಗ್ನಲ್ ಕೆಂಪಾದರೆ ನಿಲ್ಲುತ್ತಿದ್ದೆ, ಹಸಿರಾದರೆ ಹೊರಡುತ್ತಿದ್ದೆ.

ಸ್ಕೂಲಿನ ರಸ್ತೆಯಲ್ಲಿ ಎರಡು ಆಟೋ ಎದುರುಬದುರಾದರೆ ಮುಗಿಯಿತು. ಎಂಟೂ ಇಪ್ಪತ್ತಕ್ಕೆ ಗೇಟು ಮುಚ್ಚುತ್ತಾರೆ. ಎಂಟೂ ಹತ್ತಕ್ಕೆ ಅಪ್ಪ ಅಮ್ಮಂದಿರಿಗೆಲ್ಲ ದೆವ್ವ ಹಿಡಿಯುತ್ತದೆ. ಕಾರಿನವರು ಗೇಟಿನ ಎದುರೇ ನಿಲ್ಲಿಸಿಕೊಂಡು ಮಗುವಿನ ಬಾಯಿಗೆ ಕೊನೆಯ ತುತ್ತು ಇಡ್ಲಿ ತುರುಕುತ್ತಾರೆ. ಸ್ಕೂಟರಿನವರು ಫುಟ್‌ಪಾತ್ ಹತ್ತುತ್ತಾರೆ. ಹಾರ್ನಿನ ಮೇಲಿಂದ ಯಾರೂ ಹೆಬ್ಬೆರಳು ತೆಗೆಯುವುದಿಲ್ಲ. ಈ ಗದ್ದಲದಲ್ಲಿ ನನ್ನ ಹೆಂಡತಿಯದೇ ಮೇಲುಗೈ. ಕಾರಿನ ಕಿಟಕಿ ತಟ್ಟಿ, "ಸಾರ್, ಇದೇನು ನಿಮ್ಮನೆ ಊಟದ ಟೇಬಲ್ಲಾ?" ಎಂದು ಕೇಳುತ್ತಿದ್ದಳಂತೆ. ಒಬ್ಬರ ಹತ್ತಿರವಾದರೂ ಜಗಳವಾಡಿ ಬಂದ ದಿನ ಅವಳಿಗೆ ಕಾಫಿ ಹೆಚ್ಚು ರುಚಿಸುತ್ತಿತ್ತು.

ಮೊದಲ ದಿನ ನಾನು ಗೇಟಿನೆದುರು ಅಡ್ಡಡ್ಡ ನಿಲ್ಲಿಸಿದೆ. ಸ್ಟ್ಯಾಂಡ್ ಹಾಕಿ, ಮಗಳ ಬ್ಯಾಗಿನ ಪಟ್ಟಿ ಸರಿಮಾಡಿ, ಬಿದ್ದ ನೀರಿನ ಬಾಟಲ್ ಎತ್ತಿಕೊಟ್ಟು, ಮೂರು ನಿಮಿಷವಾದರೂ ಆಗಿರಬೇಕು. ಒಂದೇ ಒಂದು ಹಾರ್ನ್ ಇಲ್ಲ. ತಿರುಗಿ ನೋಡಿದರೆ ಹಿಂದೆ ಸಾಲುಗಟ್ಟಿ ಗಾಡಿಗಳು. ಎಲ್ಲರೂ ತಲೆ ತಗ್ಗಿಸಿ ಮೊಬೈಲನ್ನೋ ಹ್ಯಾಂಡಲನ್ನೋ ನೋಡುತ್ತಿದ್ದರು. ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ ಸುದ್ದಿ ಹೋಗಿತ್ತು. ವಾಚ್‌ಮನ್ ನಮಗೆಂದೇ ಗೇಟಿನ ಎರಡೂ ಬಾಗಿಲು ತೆರೆದ.

ಮರುದಿನವೂ ಹಾಗೆಯೇ, ಅದರ ಮರುದಿನವೂ. ಹೇಳಲು ನಾಚಿಕೆಯಾಗುತ್ತದೆ, ನನಗದು ಅನುಕೂಲವೇ ಆಯಿತು. ಅವರು ದಾರಿ ಬಿಡುತ್ತಿದ್ದರು, ನಾನು ಹೋಗುತ್ತಿದ್ದೆ.

ಮುಂದಿನ ವಾರ ಒಂದು ಬೆಳಿಗ್ಗೆ ಮಗಳು ಹಿಂದಿನಿಂದ ಹೇಳಿದಳು. "ನನ್ನನ್ನ ಬೇಕರಿ ಹತ್ರಾನೇ ಇಳ್ಸಪ್ಪಾ. ನಡ್ಕೊಂಡ್ ಹೋಗ್ತೀನಿ."

"ಯಾಕೆ ಪುಟ್ಟಿ?"

"ನಾವು ಬಂದ್ರೆ ಎಲ್ರೂ ಸುಮ್ನಾಗ್ಬಿಡ್ತಾರೆ. ನನ್ನೇ ನೋಡ್ತಾರೆ."

ಬೇಕರಿಯಿಂದ ಗೇಟಿಗೆ ಮೇನ್ ರೋಡ್ ದಾಟಬೇಕು. ಬೇಡ ಅಂದೆ. ಗೇಟಿನ ಹತ್ತಿರ ಅವಳು ಇಳಿಯಲೇ ಇಲ್ಲ. ಸೀಟು ಗಟ್ಟಿಯಾಗಿ ಹಿಡಿದು ಕೂತಳು. ಗದರಲು ಬಾಯಿ ಬರಲಿಲ್ಲ. ಹಿಂದಿನವರು ತಾಳ್ಮೆಯಿಂದ ಕಾದರು, ಗೇಟು ಮುಚ್ಚಿತು, ಮನೆಗೆ ವಾಪಸ್ ಬಂದೆವು. ಮರುದಿನವೂ ಅದೇ ಕಥೆ. ಅಮ್ಮ ಎನ್ನುವ ಪದವನ್ನಂತೂ ಅವಳು ಆಡುವುದನ್ನೇ ಬಿಟ್ಟಿದ್ದಳು. ಈಗ ಸ್ಕೂಲನ್ನೂ ಬಿಟ್ಟರೆ ಏನು ಮಾಡುವುದೆಂದು ನನಗೆ ತಿಳಿಯಲಿಲ್ಲ.

ಮೂರನೆಯ ದಿನ ಗೇಟಿನೆದುರು ಹಾಗೆಯೇ ನಿಂತಿದ್ದಾಗ ಬೆನ್ನಿಗೇ ಬಡಿದಂತೆ ಹಾರ್ನ್ ಕೇಳಿಸಿತು. ಆ ವಾರವಷ್ಟೇ ತನ್ನ ಮಗಳನ್ನು ಸ್ಕೂಲಿಗೆ ಸೇರಿಸಿದ್ದ ಒಬ್ಬ ತಂದೆ. ಬೈಕಿನ ಹಿಂದೆ ಡೆಲಿವರಿ ಬ್ಯಾಗು, ಮುಂದೆ ಟ್ಯಾಂಕಿನ ಮೇಲೆ ಪುಟ್ಟ ಹುಡುಗಿ. ಮಾತಿನಲ್ಲೇ ಉತ್ತರ ಕರ್ನಾಟಕದ ಕಡೆಯವನೆಂದು ಗೊತ್ತಾಯಿತು.

"ಏನ್ರೀ ಸರ, ಇಲ್ಲೇ ಮಲ್ಕೊಂಡೀರೇನ್ರಿ? ಟೈಮ್ ಆಗೇತಿ, ಗಾಡಿ ತಗೀರಿ!"

ನನ್ನ ಮಗಳು ಬೆಚ್ಚಿ ತಿರುಗಿದಳು. "ಅಪ್ಪಾ, ನಮ್ಗೇ ಹೊಡೀತಿರೋದು!" ಎಂದವಳೇ ಬ್ಯಾಗು ಎಳೆದುಕೊಂಡು ಇಳಿದು ಒಳಗೆ ಓಡಿಹೋದಳು. ನಾನು ಹೊರಡುವಾಗ, ಕಾರಿನಿಂದ ಇಳಿದ ಒಬ್ಬ ಹೆಂಗಸು ಆ ಮನುಷ್ಯನ ಕಿವಿಯಲ್ಲಿ ಏನೋ ಹೇಳುತ್ತಿದ್ದರು. ಅವನ ಮುಖ ಇಳಿಯುತ್ತಿದ್ದುದು ನನ್ನ ಕನ್ನಡಿಯಲ್ಲಿ ಕಂಡಿತು.

ಮಾರನೆಯ ಬೆಳಿಗ್ಗೆಯೂ ಅವನು ನಮ್ಮ ಹಿಂದೆಯೇ ಇದ್ದ. ಎಂಜಿನ್ ಆಫ್ ಮಾಡಿ, ಕೈ ತೊಡೆಯ ಮೇಲಿಟ್ಟು ಕೂತಿದ್ದ. ಮಗಳು ತಿರುಗಿ ಅವನನ್ನು ನೋಡಿದಳು. ಆಮೇಲೆ ಎರಡೂ ಕೈಯಲ್ಲಿ ಸೀಟು ಹಿಡಿದುಕೊಂಡಳು.

ಸ್ಟ್ಯಾಂಡ್ ಹಾಕಿ ಅವನ ಹತ್ತಿರ ಹೋದೆ.

"ಗೊತ್ತಿದ್ದಿಲ್ರಿ ಸರ," ಎಂದ. "ತಪ್ಪಾತ್ರಿ."

"ತಪ್ಪೇನಿಲ್ಲ. ಹಾರ್ನ್ ಹೊಡೀರಿ."

"ಏನ್ರಿ?"

"ನಿನ್ನೆ ಹೊಡೆದ್ರಲ್ಲ, ಹಾಗೇ. ಇಲ್ದಿದ್ರೆ ನನ್ನ ಮಗಳು ಇಳಿಯಲ್ಲ."

ಅವನು ನನ್ನನ್ನು ನೋಡಿದ, ಸ್ಕೂಟರಿನ ಮೇಲೆ ಬೆನ್ನು ಬಗ್ಗಿಸಿ ಕೂತಿದ್ದ ಅವಳನ್ನು ನೋಡಿದ. ಆಮೇಲೆ ಹೆಬ್ಬೆರಳು ಒತ್ತಿ ಹಿಡಿದ. ಮೊದಲು ಅವನದೊಂದೇ. ಸ್ವಲ್ಪ ಹೊತ್ತಿಗೆ ಹಿಂದಿನ ಆಟೋ ಶುರುಮಾಡಿತು, ಅದರ ಹಿಂದಿನ ಸ್ಕೂಟರುಗಳು ಸೇರಿಕೊಂಡವು. ಎಷ್ಟು ದಿನದಿಂದ ತಡೆದುಕೊಂಡಿದ್ದರೋ ಪಾಪ. ಕಾರಿನವರೊಬ್ಬರು ಕಿಟಕಿಯಿಂದ ತಲೆ ಹೊರಹಾಕಿ, "ರೋಡು ನಿಮ್ಮಪ್ಪಂದೇನ್ರೀ?" ಎಂದು ಕೂಗಿದರು.

ಮಗಳು ಕೆಳಗೆ ಹಾರಿದಳು. ಎಷ್ಟೋ ದಿನದ ಮೇಲೆ ಅವಳ ಮುಖದಲ್ಲಿ ಸಿಟ್ಟು ಕಂಡಿತು.

"ಅಮ್ಮ ಆಗಿದ್ರೆ ಅವ್ರನ್ನ ಬಿಡ್ತಾನೇ ಇರ್ಲಿಲ್ಲ, ಅಲ್ವಾಪ್ಪಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಗೇಟಿನೊಳಗೆ ಓಡಿದಳು.

"ಬಿಡ್ತಿರ್ಲಿಲ್ಲ ಕಣೇ," ಎಂದೆ. ಆಗ ಅಳು ಬಂತು. ಅದುವರೆಗೆ ಒಮ್ಮೆಯೂ ಬಂದಿರಲಿಲ್ಲ. ಹಿಂದಿನವರು ಹಾರ್ನ್ ಹೊಡೆಯುತ್ತಲೇ ಇದ್ದರು. ಕಣ್ಣೊರೆಸಿಕೊಂಡು ಗಾಡಿ ತೆಗೆದೆ.